ಮೊದಲ ಹವಳದ ಅಕ್ವೇರಿಯಂನಲ್ಲಿ ಗಟ್ಟಿ ಹವಳ ಬೇಡ

ಸಂಪಾದಕರಿಗೆ,

ಮಾನ್ಯರೇ,

ಪತ್ರಿಕೆಗಳ ವಾರಾಂತ್ಯದ ಪುರವಣಿಗಳಲ್ಲಿ ಮನೆಯ ಒಳಾಂಗಣದ ಕುರಿತು ಬರುವ ಬರಹಗಳ ಜೊತೆಗೆ ಉಪ್ಪುನೀರಿನ ಅಕ್ವೇರಿಯಂಗಳ ಚಿತ್ರಗಳು ಈಚೆಗೆ ಆಗಾಗ ಅಚ್ಚಾಗುತ್ತಿವೆ. ನೀಲಿ ಬೆಳಕು, ಅದರಲ್ಲಿ ಹೊಳೆಯುವ ಬಗೆಬಗೆಯ ಹವಳ, ನಡುವೆ ಸುಳಿದಾಡುವ ಕಿತ್ತಳೆ-ಬಿಳಿ ಪಟ್ಟೆಯ ಮೀನು ಇವನ್ನು ಕಂಡವರಿಗೆ ತಮ್ಮ ಮನೆಯಲ್ಲೂ ಇಂಥದೊಂದು ಇರಲಿ ಎನಿಸುವುದು ಸಹಜ. ಆದರೆ ಆ ಚಿತ್ರಗಳ ಕೆಳಗೆ ಅದರಲ್ಲಿರುವ ಜೀವಿಗಳ ಹೆಸರಾಗಲಿ, ಅವು ಎಲ್ಲಿಂದ ಬಂದವೆಂಬುದಾಗಲಿ, ಅವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳಲು ಕಾನೂನಿನ ಒಪ್ಪಿಗೆ ಇದೆಯೇ ಎಂಬುದಾಗಲಿ ಇರುವುದಿಲ್ಲ. ಹಲವು ವರ್ಷಗಳಿಂದ ಉಪ್ಪುನೀರಿನ ತೊಟ್ಟಿಯೊಂದನ್ನು ನೋಡಿಕೊಂಡು ಬಂದಿರುವ, ಹೊಸದಾಗಿ ಶುರು ಮಾಡುವ ಪರಿಚಿತರಿಗೆ ಆಗಾಗ ನೆರವಾಗುವ ನನಗೆ ಈ ವಿಷಯದಲ್ಲಿ ಹೇಳಬೇಕೆನಿಸಿರುವುದು ಒಂದೇ ಮಾತು: ಮೊದಲ ಸಲ ರೀಫ್ ಟ್ಯಾಂಕ್, ಅಂದರೆ ಹವಳ ಬೆಳೆಸುವ ಉಪ್ಪುನೀರಿನ ತೊಟ್ಟಿ, ಕಟ್ಟುವವರು ಅದರಲ್ಲಿ ಸುಣ್ಣದ ಅಸ್ಥಿಯುಳ್ಳ ಗಟ್ಟಿ ಹವಳವನ್ನು ಇಡಬಾರದು. ಕಾನೂನು ಅದನ್ನು ಬೇಡವೆನ್ನುತ್ತದೆ; ಕಾನೂನು ಸುಮ್ಮನಿದ್ದರೂ ಹೊಸಬರ ನೀರಿನಲ್ಲಿ ಆ ಪ್ರಾಣಿ ಬದುಕುವುದು ಕಷ್ಟ.

ಮೊದಲು ಕಾನೂನನ್ನು ನೋಡೋಣ, ಏಕೆಂದರೆ ಅಂಗಡಿಗಳಲ್ಲಿ ಅತಿ ಕಡಿಮೆ ಕೇಳಿಬರುವ ವಿಷಯ ಅದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಲಿ, ಆನೆಗಳಿಗೆ ಮಾತ್ರ ಸಂಬಂಧಿಸಿದ್ದೆಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಆದರೆ 2001ರಲ್ಲಿ ಆ ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಹುಲಿಯಿರುವ ಪಟ್ಟಿಗೇ, ದಿಬ್ಬ ಕಟ್ಟುವ ಗಟ್ಟಿ ಹವಳಗಳ ಗಣವನ್ನು ಒಂದೂ ಬಿಡದೆ ಸೇರಿಸಲಾಯಿತು. ಅದರೊಡನೆ ಕಪ್ಪು ಹವಳ, ಮುಟ್ಟಿದರೆ ಉರಿಯುವ ಬೆಂಕಿ ಹವಳ, ಕೆಂಪು ಕೊಳವೆಗಳನ್ನು ಜೋಡಿಸಿಟ್ಟಂತಿರುವ ಆರ್ಗನ್ ಪೈಪ್ ಹವಳ, ಬೀಸಣಿಗೆಯಂತೆ ಹರಡುವ ಸೀ ಫ್ಯಾನ್‌ಗಳು, ಕಡಲಕುದುರೆ ಮತ್ತು ಅದರ ಬಳಗದ ಪೈಪ್‌ಫಿಶ್‌ಗಳು, ಎಲ್ಲ ಜಾತಿಯ ಕಡಲಸೌತೆಗಳು, ಕೆಲವು ದೊಡ್ಡ ಶಂಖಗಳು ಕೂಡ ಸೇರಿದವು. ಈ ಪಟ್ಟಿಯ ಪ್ರಾಣಿಗೆ ಸಂಬಂಧಿಸಿದ ಅಪರಾಧಕ್ಕೆ 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷದವರೆಗೂ ಹೋಗಬಹುದಾದ ಸೆರೆವಾಸವಿದೆ. ಜೀವಂತ ಹವಳ ಮಾತ್ರವಲ್ಲ, ಅದರ ಒಣ ಅಸ್ಥಿಯನ್ನು ಷೋಕೇಸಿನಲ್ಲಿ ಇಟ್ಟುಕೊಳ್ಳುವುದೂ ಈ ಕಾಯ್ದೆಯ ಹಿಡಿತಕ್ಕೆ ಬರುತ್ತದೆ ಎಂಬುದನ್ನು ಕಡಲ ಪ್ರವಾಸದಿಂದ ನೆನಪಿನ ಕಾಣಿಕೆ ಹೊತ್ತು ತರುವವರು ಗಮನಿಸಬೇಕು.

‘ಇದು ನಮ್ಮ ಸಮುದ್ರದ್ದಲ್ಲ ಸಾರ್, ಇಂಡೋನೇಷ್ಯಾದಿಂದ ಬಂದದ್ದು, ಏನೂ ತೊಂದರೆಯಿಲ್ಲ’ ಎಂಬ ಉತ್ತರವನ್ನು ನಾನು ಒಂದಕ್ಕಿಂತ ಹೆಚ್ಚು ಅಂಗಡಿಗಳಲ್ಲಿ ಕೇಳಿದ್ದೇನೆ. ಪಟ್ಟಿಯಲ್ಲಿರುವುದು ಇಡೀ ಗಣದ ಹೆಸರೇ ಹೊರತು ಇಂಥ ಸಮುದ್ರದ ಹವಳ ಎಂದಲ್ಲ. ಅದೂ ಅಲ್ಲದೆ ಜಗತ್ತಿನ ಎಲ್ಲ ಗಟ್ಟಿ ಹವಳಗಳೂ ಸೈಟಿಸ್ ಎಂದು ಕರೆಯಲಾಗುವ, ವನ್ಯಜೀವಿಗಳ ವ್ಯಾಪಾರದ ಕುರಿತ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. ಪರವಾನಗಿಯಿಲ್ಲದೆ ಅವು ಗಡಿ ದಾಟುವಂತಿಲ್ಲ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಈ ಒಪ್ಪಂದದ ಜೀವಿಗಳಿಗಾಗಿಯೇ ನಮ್ಮ ಕಾಯ್ದೆಯಲ್ಲಿ ನಾಲ್ಕನೆಯ ಅನುಸೂಚಿ ಬಂದಿದೆ. ಅಂಥ ಜೀವಿಗಳನ್ನು ಜೀವಂತವಾಗಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದ ಮೂಲಕ ನೋಂದಾಯಿಸಬೇಕೆಂಬ ನಿಯಮಗಳು 2024ರಲ್ಲಿ ಪ್ರಕಟವಾಗಿವೆ. ಅಂಗಡಿಯವರ ಬಾಯಿಮಾತು ಇವುಗಳಲ್ಲಿ ಯಾವುದಕ್ಕೂ ಪರ್ಯಾಯವಾಗದು.

ಇನ್ನು ಪ್ರಾಣಿಯ ವಿಷಯ. ಗಟ್ಟಿ ಹವಳ ತನ್ನ ಕೆಳಗೆ ತಾನೇ ಸುಣ್ಣದ ಅಸ್ಥಿ ಕಟ್ಟಿಕೊಳ್ಳುತ್ತ ಬೆಳೆಯುವ ಜೀವಿ. ಅದಕ್ಕೆ ಬೇಕಾದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟನ್ನು ಅದು ದಿನವೂ ಸುತ್ತಲಿನ ನೀರಿನಿಂದ ಹೀರುತ್ತದೆ. ಸಮುದ್ರದಲ್ಲಿ ಈ ಹೀರಿಕೆ ಲೆಕ್ಕಕ್ಕೇ ಬರುವುದಿಲ್ಲ. ಗಾಜಿನ ತೊಟ್ಟಿಯಲ್ಲಿ ಅದು ಕೆಲವೇ ದಿನಗಳಲ್ಲಿ ಪರೀಕ್ಷೆಗೆ ಸಿಗುವಷ್ಟು ಇಳಿಕೆಯಾಗಿ ಕಾಣುತ್ತದೆ. ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ, ಮೆಗ್ನೀಷಿಯಂ 1,250ರಿಂದ 1,350 ಮಿಲಿಗ್ರಾಂ, ಕ್ಷಾರೀಯತೆ (ನೀರಿನಲ್ಲಿ ಕರಗಿದ ಕಾರ್ಬೊನೇಟಿನ ಅಳತೆ) 8ರಿಂದ 10 ಡಿಕೆಎಚ್ ಎಂಬ ಮಾನದಲ್ಲಿ, ಹೀಗೆ ಮೂರು ಅಂಕಿಗಳನ್ನು ಒಟ್ಟಿಗೆ ಕಾಯ್ದುಕೊಳ್ಳಬೇಕು. ಒಂದನ್ನು ಎತ್ತಲು ಹೋದರೆ ಇನ್ನೊಂದು ಕುಸಿಯುತ್ತದೆ. ಇದಕ್ಕಾಗಿ ಅನುಭವಿಗಳು ಬಳಸುವ ವಸ್ತುಗಳಲ್ಲಿ ಒಂದು ಸುಣ್ಣದ ತಿಳಿನೀರು ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಮಾಡಿ ಎಲೆಯಡಿಕೆಗೆ ಹಚ್ಚುತ್ತಿದ್ದ ಸುಣ್ಣವೂ ರಾಸಾಯನಿಕವಾಗಿ ಅದೇ. ಹಾಗೆಂದು ಎಲೆಯಡಿಕೆಯ ಡಬ್ಬಿಯ ಸುಣ್ಣವನ್ನು ತೊಟ್ಟಿಗೆ ಹಾಕುವಂತಿಲ್ಲ, ಅದರಲ್ಲಿ ಬೇರೆ ಏನೇನು ಬೆರೆತಿದೆಯೋ ಹೇಳಲಾಗದು. ಶುದ್ಧ ಸುಣ್ಣದ ತಿಳಿಯ ಪಿಎಚ್ 12ಕ್ಕಿಂತ ಮೇಲಿರುವುದರಿಂದ ಹನಿಹನಿಯಾಗಿ ಬಿಡುವುದು ಬಿಟ್ಟು ಒಮ್ಮೆಲೇ ಸುರಿದರೆ ಒಳಗಿರುವುದೆಲ್ಲ ಸತ್ತುಹೋಗುತ್ತದೆ. ಲವಣದ ಪ್ರಮಾಣವನ್ನು ಸರಿಯಾಗಿ ಅಳೆಯುವುದನ್ನೇ ಇನ್ನೂ ಕಲಿಯುತ್ತಿರುವವರು ಈ ಕೆಲಸಕ್ಕೆ ಕೈಹಾಕುವುದು ವಿವೇಕವಲ್ಲ.

ತಾಪದ ವಿಷಯದಲ್ಲೂ ಗಟ್ಟಿ ಹವಳ ಸಹನೆಯಿಲ್ಲದ ಪ್ರಾಣಿ. ಅದರ ಅಂಗಾಂಶದೊಳಗೆ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಹವಳದ ಆಹಾರದ ಬಹುಪಾಲು ಆ ಪಾಚಿಗಳು ಬೆಳಕಿನಿಂದ ತಯಾರಿಸಿಕೊಟ್ಟದ್ದು, ಬಣ್ಣವೂ ಹೆಚ್ಚಾಗಿ ಅವುಗಳದ್ದೇ. ಬೇಸಿಗೆಯ ವಾಡಿಕೆಯ ಗರಿಷ್ಠ ತಾಪಕ್ಕಿಂತ ನೀರು ಒಂದು ಡಿಗ್ರಿಯಷ್ಟು ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೆಯೇ ಉಳಿದರೆ ಹವಳ ಪಾಚಿಯನ್ನು ಹೊರದೂಡಿ ಬೆಳ್ಳಗಾಗುತ್ತದೆ. 1998, 2010, 2016ರಲ್ಲಿ ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡದ್ದು ಹೀಗೆ. 2024ರ ಏಪ್ರಿಲ್‌ನಲ್ಲಿ ಜಗತ್ತಿನ ಹವಳಗಳ ನಾಲ್ಕನೆಯ ವ್ಯಾಪಕ ಬಿಳಿಚುವಿಕೆ ನಡೆದಿದೆಯೆಂದು ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ಸಾರಿತು. ಸಾಗರದಲ್ಲೇ ಸಂಕಟದಲ್ಲಿರುವ ಪ್ರಾಣಿಯೊಂದನ್ನು ಪಂಪು ಮತ್ತು ದೀಪಗಳ ಬಿಸಿಯೂ ಸೇರುವ ಪುಟ್ಟ ತೊಟ್ಟಿಯಲ್ಲಿಟ್ಟು ಅಭ್ಯಾಸ ಮಾಡುವುದು ನನಗೆ ಸರಿಯೆನಿಸುವುದಿಲ್ಲ.

ಹಾಗಾದರೆ ಮೊದಲ ತೊಟ್ಟಿಯಲ್ಲಿ ಏನು ಮಾಡಬೇಕು? ನನ್ನ ಅನುಭವದಲ್ಲಿ ಆರಂಭಿಕರ ಗಮನದಲ್ಲಿ ಮುಕ್ಕಾಲು ಪಾಲು ನೀರಿಗೆ ಸಲ್ಲಬೇಕು. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಸುಮಾರು 190 ಲೀಟರ್ ಹಿಡಿಯುತ್ತದೆ. ಮರಳು, ಕಲ್ಲು ಹಾಕಿದ ಮೇಲೆ 160 ಲೀಟರ್ ನೀರು ಉಳಿದೀತು. ಇದಕ್ಕಿಂತ ಸಣ್ಣ ತೊಟ್ಟಿ ಅಗ್ಗವೆಂದು ಕಂಡರೂ ಅದರಲ್ಲಿ ಲವಣ, ತಾಪ, ಪಿಎಚ್ ಎಲ್ಲವೂ ಬೇಗ ಏರುಪೇರಾಗುವುದರಿಂದ ಹೊಸಬರಿಗೆ ಅದೇ ಹೆಚ್ಚು ಕಷ್ಟ. ಗಾಜು, ಸ್ಟ್ಯಾಂಡ್, ಕಲ್ಲು, ನೀರು ಸೇರಿ ಕಾಲು ಟನ್ನಿಗೂ ಮೀರುವ ಭಾರವಾದ್ದರಿಂದ ಮಹಡಿ ಮನೆಯವರು ಅದನ್ನು ಗೋಡೆಯ ಬದಿಗೆ, ಬೀಮಿನ ಮೇಲೆ ಬರುವಂತೆ ಇಡುವುದು ಒಳ್ಳೆಯದು.

ಬೆಂಗಳೂರು, ಮೈಸೂರುಗಳ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬೋರ್‌ವೆಲ್ ನೀರು ಗಡಸು, ಬಯಲುಸೀಮೆಯ ಅನೇಕ ಕಡೆ ಅದರಲ್ಲಿ ನೈಟ್ರೇಟು, ಫ್ಲೋರೈಡು ಕೂಡ ಹೆಚ್ಚು. ಇವೆರಡನ್ನೂ ನೇರವಾಗಿ ಬಳಸುವಂತಿಲ್ಲ. ಅಡುಗೆಮನೆಯ ಆರ್‌ಒ ಯಂತ್ರದ ನೀರು ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು, ಏಕೆಂದರೆ ಕುಡಿಯುವ ರುಚಿಗಾಗಿ ಆ ಯಂತ್ರಗಳಲ್ಲಿ ಬಹುಪಾಲು ಕೊನೆಯ ಹಂತದಲ್ಲಿ ಖನಿಜಗಳನ್ನು ಮತ್ತೆ ಬೆರೆಸುತ್ತವೆ. ಆರ್‌ಒ ಪೊರೆಯನ್ನು ದಾಟಿದ ನೀರನ್ನು ಉಳಿದ ಲವಣಗಳನ್ನೂ ಹೀರುವ ಡಿಅಯಾನೈಸಿಂಗ್ ರೆಸಿನ್ ಮೂಲಕ ಹಾಯಿಸಿ, ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರಿನಲ್ಲಿ ಸೊನ್ನೆ ಬರುವಂತೆ ನೋಡಿಕೊಳ್ಳಬೇಕು. ಈ ನೀರು ತಾಮ್ರದ ಕೊಳವೆಯನ್ನಾಗಲಿ ಹಿತ್ತಾಳೆಯ ನಲ್ಲಿಯನ್ನಾಗಲಿ ಮುಟ್ಟದಿರಲಿ; ಮೀನು ತಾಳಬಲ್ಲಷ್ಟು ತಾಮ್ರ ಸೀಗಡಿ, ಬಸವನಹುಳು, ಹವಳಗಳಿಗೆ ವಿಷ. ಒಂದು ಲೀಟರ್ ಶುದ್ಧ ನೀರು ಸಿಗುವಾಗ ಮೂರು-ನಾಲ್ಕು ಲೀಟರ್ ಹೊರಹೋಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ವಿಧಿಸುವ ಸ್ಥಿತಿ ಬಂದಿತ್ತು. ಆ ಊರಿನಲ್ಲಿ ಅಕ್ವೇರಿಯಂ ಇಡುವವರು ಹೊರಹೋಗುವ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸುವ ಏರ್ಪಾಡನ್ನು ಮೊದಲೇ ಮಾಡಿಕೊಳ್ಳಬೇಕು.

ಲವಣ ಲೀಟರಿಗೆ 35 ಗ್ರಾಂ, ಸಾಪೇಕ್ಷ ಸಾಂದ್ರತೆಯಲ್ಲಿ ಹೇಳಿದರೆ 1.025ರಿಂದ 1.026 ಇರಬೇಕು. ಇದಕ್ಕೆ ಅಡುಗೆಯ ಉಪ್ಪು ಆಗುವುದಿಲ್ಲ, ಅದರಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂಗಳಿಲ್ಲ. ಅಕ್ವೇರಿಯಂಗೆಂದೇ ತಯಾರಾದ ಸಮುದ್ರ ಲವಣದ ಮಿಶ್ರಣವೇ ಬೇಕು. ಪ್ಯಾಕೆಟ್ಟಿನ ಮಿಶ್ರಣದಲ್ಲಿ ತೇವಾಂಶವೂ ಇರುವುದರಿಂದ 160 ಲೀಟರಿಗೆ 6 ಕಿಲೋ ಹತ್ತಿರ ಹಿಡಿಯುತ್ತದೆ. ಅಳತೆಗೆ ತೇಲುವ ಮುಳ್ಳಿನ ಅಗ್ಗದ ಹೈಡ್ರೋಮೀಟರಿಗಿಂತ, ನೀರಿನ ಹನಿಯಲ್ಲಿ ಬೆಳಕು ಬಾಗುವುದನ್ನು ನೋಡಿ ಲವಣ ಅಳೆಯುವ ರಿಫ್ರಾಕ್ಟೋಮೀಟರ್ ಮೇಲು. ನೀರು ಆವಿಯಾದಾಗ ಉಪ್ಪು ಹಿಂದೆ ಉಳಿಯುತ್ತದೆ ಎಂಬ ಶಾಲೆಯ ಪಾಠವನ್ನು ಇಲ್ಲಿ ಅಕ್ಷರಶಃ ಪಾಲಿಸಬೇಕು. 160ರಲ್ಲಿ 5 ಲೀಟರ್ ಆರಿಹೋದರೆ ಲವಣ 35ರಿಂದ 36ಕ್ಕೆ ಏರಿರುತ್ತದೆ; ಅದನ್ನು ತುಂಬಬೇಕಾದದ್ದು ಉಪ್ಪಿಲ್ಲದ ಶುದ್ಧ ನೀರಿನಿಂದ. ಉಪ್ಪುನೀರನ್ನು ಬೆರೆಸುವುದು ವಾರಕ್ಕೋ ಹದಿನೈದು ದಿನಕ್ಕೋ ಹತ್ತನೇ ಒಂದು ಭಾಗ ಹಳೆಯ ನೀರನ್ನು ತೆಗೆದು ಹೊಸದು ಹಾಕುವಾಗ ಮಾತ್ರ.

ಕರಾವಳಿಯವರಿಗೆ ಇಷ್ಟೆಲ್ಲ ಏಕೆ, ಮನೆಯ ಹಿಂದೆಯೇ ಕಡಲಿಲ್ಲವೇ ಎಂಬ ಪ್ರಶ್ನೆ ಬರುವುದುಂಟು. ಕಡಲಿದೆ; ಆದರೆ ನಾವು ಕ್ಯಾನು ತುಂಬಿಕೊಳ್ಳುವ ಜಾಗ ಸಾಮಾನ್ಯವಾಗಿ ಬಂದರು ಇಲ್ಲವೇ ಅಳಿವೆಯ ಬದಿ. ಅಲ್ಲಿ ದೋಣಿಗಳ ಡೀಸೆಲ್ ಇದೆ, ಊರಿನ ಚರಂಡಿ ಇದೆ, ಮಳೆಗಾಲದಲ್ಲಿ ನೇತ್ರಾವತಿ, ಫಲ್ಗುಣಿ, ಕಾಳಿ, ಶರಾವತಿಗಳು ತಂದು ಸುರಿಯುವ ಸಿಹಿನೀರು ಮತ್ತು ಕೆಸರು ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಂಥ ನೀರಿನ ಲವಣಾಂಶವನ್ನು ನೆಚ್ಚುವಂತೆಯೇ ಇಲ್ಲ. ದಡದಿಂದ ದೂರ, ಬೇಸಿಗೆಯಲ್ಲಿ, ಮೀನುಗಾರರ ನೆರವಿನಿಂದ ತಂದು, ಶೋಧಿಸಿ, ಅಳೆದು ಬಳಸುವವರಿದ್ದಾರೆ. ಮೊದಲ ತೊಟ್ಟಿಗೆ ನಾನು ಅದನ್ನು ಸೂಚಿಸುವುದಿಲ್ಲ.

ನೀರು ಸಿದ್ಧವಾದ ದಿನವೇ ಮೀನು ತರುವ ಆತುರ ಹೊಸಬರ ದೊಡ್ಡ ಶತ್ರು. ಆಹಾರದ ಚೂರು, ಮೀನಿನ ಮಲ ಕೊಳೆತು ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ಹೆಚ್ಚು ಹಾನಿಯಿಲ್ಲದ ನೈಟ್ರೇಟ್ ಮಾಡುತ್ತವೆ. ಈ ಬ್ಯಾಕ್ಟೀರಿಯಾಗಳು ಕಲ್ಲು, ಮರಳಿನ ಮೇಲೆ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಈಗಾಗಲೇ ನಡೆಯುತ್ತಿರುವ ತೊಟ್ಟಿಯಿಂದ ಹಿಡಿಯಷ್ಟು ಮರಳು ಸಿಕ್ಕಿದರೆ ಹಾಲಿಗೆ ಹೆಪ್ಪು ಹಾಕಿದಂತೆ ಕೆಲಸ ತುಸು ಬೇಗ ಆಗುತ್ತದೆ, ಆದರೂ ಪರೀಕ್ಷೆಯಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ಆಗುವ ತನಕ ಕಾಯಲೇಬೇಕು. ಸಿಹಿನೀರಿನಲ್ಲಿ ಗೋಲ್ಡ್ ಫಿಶ್ ಸಾಕಿದವರು ‘ಅಷ್ಟೆಲ್ಲ ಕಾಯದೆಯೂ ಬದುಕಿದವಲ್ಲ’ ಎನ್ನುತ್ತಾರೆ. ಕಡಲನೀರಿನ ಪಿಎಚ್ 8.2ರ ಆಸುಪಾಸಿನಲ್ಲಿರುತ್ತದೆ, ಅಷ್ಟೇ ಅಮೋನಿಯಾದಲ್ಲಿ ವಿಷಕಾರಿಯಾದ ರೂಪದ ಪಾಲು ಪಿಎಚ್ 7ರ ನೀರಿನಲ್ಲಿರುವುದಕ್ಕಿಂತ ಇಲ್ಲಿ ಹತ್ತು ಪಟ್ಟಿಗೂ ಹೆಚ್ಚು. ಆ ವಾರಗಳಲ್ಲಿ ಗಾಜಿನ ಮೇಲೆ ಕಂದು ಪೊರೆ, ಆಮೇಲೆ ಹಸಿರು ಕೂದಲಿನಂಥ ಪಾಚಿ ಬಂದು ಮನೆಯವರೆಲ್ಲ ಮೂಗು ಮುರಿಯುತ್ತಾರೆ. ಅದು ಬರುವುದೇ ಹಾಗೆ. ದೀಪ ಉರಿಯುವ ಹೊತ್ತನ್ನು ಕಡಿಮೆ ಮಾಡಿ, ಪಾಚಿ ಮೇಯುವ ಸಣ್ಣ ಬಸವನಹುಳುಗಳನ್ನು ಬಿಟ್ಟರೆ ಹತೋಟಿಗೆ ಬರುತ್ತದೆ.

ಕಲ್ಲಿನ ವಿಷಯದಲ್ಲಿ ಮತ್ತೆ ಕಾನೂನು ಅಡ್ಡ ಬರುತ್ತದೆ. ಲೈವ್ ರಾಕ್ ಎಂದು ಮಾರುವ ರಂಧ್ರಮಯ ಕಲ್ಲು ಬಹುಮಟ್ಟಿಗೆ ಸತ್ತ ಹವಳದ ಅಸ್ಥಿಯೇ. 1960ರ ದಶಕದ ಆರಂಭದಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ಎಂಬವರು ಸಮುದ್ರದ ಜೀವಂತ ಕಲ್ಲು ಮತ್ತು ಗಾಳಿಗುಳ್ಳೆಗಳ ಬಲದಿಂದಲೇ ತೊಟ್ಟಿ ನಡೆಸಬಹುದೆಂದು ತೋರಿಸಿದ್ದು ಈ ಹವ್ಯಾಸದ ಚರಿತ್ರೆಯಲ್ಲಿ ದೊಡ್ಡ ತಿರುವು, ನಿಜ. ಆದರೆ ಅಂದಿನ ಕಾಲವೂ ಅಲ್ಲಿನ ಕಾನೂನೂ ಬೇರೆ. ನಮ್ಮಲ್ಲಿ ಮನ್ನಾರ್ ಕೊಲ್ಲಿಯಿಂದಲೋ ಲಕ್ಷದ್ವೀಪದಿಂದಲೋ ಕಿತ್ತು ತಂದ ಕಲ್ಲನ್ನು ಕೊಳ್ಳುವುದು ಹವಳ ಕೊಂಡಂತೆಯೇ. ಸೆರಾಮಿಕ್ಕಿನಲ್ಲಿ, ಸಿಮೆಂಟಿನಲ್ಲಿ ಮಾಡಿದ ರಂಧ್ರಗಳ ಕಲ್ಲುಗಳು ಈಗ ಸಿಗುತ್ತವೆ. ಸಿಮೆಂಟಿನದಾದರೆ ಅದರ ಕ್ಷಾರ ಇಳಿಯುವ ತನಕ ವಾರಗಟ್ಟಲೆ ನೀರು ಬದಲಿಸುತ್ತ ನೆನೆಸಿಡಬೇಕು. ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ನೆಲೆಸಲು ಜಾಗವೇ ಹೊರತು ಹವಳದ ಅಸ್ಥಿಯೇ ಆಗಬೇಕೆಂದಿಲ್ಲ.

ಬಿಸಿಲಿನ ಸಮಸ್ಯೆ ಊರಿಂದೂರಿಗೆ ಬೇರೆ. ನೀರು 24ರಿಂದ 27 ಡಿಗ್ರಿ ಸೆಲ್ಸಿಯಸ್ಸಿನಲ್ಲಿರಬೇಕು. ಬೆಂಗಳೂರು, ಮೈಸೂರಿನಲ್ಲಿ ಏಪ್ರಿಲ್ ಹೊರತು ಉಳಿದ ದಿನಗಳಲ್ಲಿ ನೀರಿನ ಮೇಲ್ಮೈಗೆ ಗಾಳಿ ಬೀಸುವ ಒಂದು ಸಣ್ಣ ಫ್ಯಾನು ಸಾಕಾಗುತ್ತದೆ. ಲೆಕ್ಕ ಹಾಕಿದರೆ 200 ಲೀಟರಿನಲ್ಲಿ ಒಂದು ಲೀಟರ್ ಆವಿಯಾಗುವಾಗ ಹೊತ್ತೊಯ್ಯುವ ಶಾಖ ಉಳಿದ ನೀರನ್ನು ಸುಮಾರು 3 ಡಿಗ್ರಿ ತಂಪು ಮಾಡುವಷ್ಟು. ಮಂಗಳೂರು, ಕಾರವಾರಗಳ ತೇವದ ಗಾಳಿಯಲ್ಲಿ ಆವಿಯಾಗುವುದೇ ಕಡಿಮೆಯಾದ್ದರಿಂದ ಈ ಉಪಾಯ ಅಲ್ಲಿ ಅಷ್ಟಾಗಿ ನಡೆಯುವುದಿಲ್ಲ. ನೀರು ತಂಪು ಮಾಡುವ ಯಂತ್ರವಾದ ಚಿಲ್ಲರ್ ಬೇಕು, ಅದರ ವಿದ್ಯುತ್ ಬಿಲ್ಲನ್ನೂ ಮೊದಲೇ ಅಂದಾಜು ಮಾಡಿಕೊಳ್ಳಬೇಕು. ಕಲಬುರಗಿ, ರಾಯಚೂರುಗಳಲ್ಲಿ ಗಾಳಿ ಒಣದಾದರೂ ಮೇ ತಿಂಗಳ 40 ಡಿಗ್ರಿಯ ಮುಂದೆ ಫ್ಯಾನೊಂದೇ ನಿಲ್ಲಲಾರದು. ವಿದ್ಯುತ್ ಕಡಿತವನ್ನೂ ಹಗುರವಾಗಿ ಎಣಿಸಬಾರದು. ಅದೇ ತಾಪದ ಸಿಹಿನೀರಿಗೆ ಹೋಲಿಸಿದರೆ ಕಡಲನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಐದನೇ ಒಂದು ಭಾಗದಷ್ಟು ಕಡಿಮೆ. ಪಂಪು ನಿಂತರೆ ಮೊದಲು ಉಸಿರುಗಟ್ಟುವುದು ಮೀನಿಗೆ. ಬ್ಯಾಟರಿಯಲ್ಲಿ ಓಡುವ ಗಾಳಿ ಪಂಪೊಂದು ಮನೆಯಲ್ಲಿರಲಿ. ಉಪ್ಪು ಸಿಡಿದು ಪ್ಲಗ್ಗಿನ ಸುತ್ತ ಕೂರುವುದರಿಂದ ಆ ಸಾಲಿಗೆ, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಇಎಲ್‌ಸಿಬಿ ಹಾಕಿಸದೆ ತೊಟ್ಟಿಗೆ ಕೈ ಹಾಕಬೇಡಿ.

ದೀಪ, ನೊರೆಯೊಂದಿಗೆ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್, ನೀರನ್ನು ಅಲೆಯಾಡಿಸುವ ವೇವ್‌ಮೇಕರ್‌ಗಳ ಬಗ್ಗೆ ಅಂಗಡಿಯವರು ಬೇಕಾದಷ್ಟು ಹೇಳುತ್ತಾರೆ. ನಾನು ಸೇರಿಸಬಹುದಾದದ್ದು ಹೆಚ್ಚಿಲ್ಲ. ಗಟ್ಟಿ ಹವಳ ಬೇಡವೆಂದು ನಿರ್ಧರಿಸಿದವರಿಗೆ ಅತಿ ದುಬಾರಿ ದೀಪದ ಅಗತ್ಯವೂ ಇರುವುದಿಲ್ಲ ಎಂಬುದಷ್ಟೇ.

ಮೊದಲ ಜೀವಿಯಾಗಿ ನಾನು ಸೂಚಿಸುವುದು ಹ್ಯಾಚರಿಯಲ್ಲಿ, ಅಂದರೆ ಮೀನಿನ ಮರಿ ಮಾಡಿಸುವ ಕೇಂದ್ರದಲ್ಲಿ, ಹುಟ್ಟಿದ ಒಂದು ಜೋಡಿ ಕ್ಲೌನ್ ಮೀನನ್ನು; ಮೊದಲಲ್ಲಿ ಹೇಳಿದ ಕಿತ್ತಳೆ-ಬಿಳಿ ಪಟ್ಟೆಯ ಮೀನೇ ಅದು. ಸಿಹಿನೀರಿನ ಬಣ್ಣದ ಮೀನುಗಳಲ್ಲಿ ಬಹುಪಾಲು ಕೊಳಗಳಲ್ಲಿ ಸಾಕಿದವು. ಉಪ್ಪುನೀರಿನ ಬಣ್ಣದ ಮೀನುಗಳ ಜಾತಿಗಳಲ್ಲಿ ಬಹುಪಾಲು ಇಂದಿಗೂ ಸಮುದ್ರದಿಂದ ಹಿಡಿದು ತಂದವು. ಆಗ್ನೇಯ ಏಷ್ಯಾದ ಕೆಲವೆಡೆ ಸೋಡಿಯಂ ಸೈನೈಡ್ ಚಿಮುಕಿಸಿ ಮೀನಿಗೆ ಮಂಪರು ಬರಿಸಿ ಹಿಡಿಯುವ ಕೆಟ್ಟ ಪದ್ಧತಿ 1960ರ ದಶಕದಿಂದ ನಡೆದುಬಂದಿದೆ. ಅಂಥ ಮೀನು ಅಂಗಡಿಯಲ್ಲಿ ಚೆನ್ನಾಗಿ ಕಂಡು ಮನೆಗೆ ಬಂದ ಕೆಲವು ವಾರಗಳಲ್ಲಿ ಸಾಯುವುದುಂಟು, ಅದು ಸಿಕ್ಕ ಜಾಗದ ಹವಳವಂತೂ ಮೊದಲೇ ಸತ್ತಿರುತ್ತದೆ. ಕ್ಲೌನ್ ಮೀನಿನಲ್ಲಿ ಈ ಪಾಪದ ಹಂಗಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇರಳದ ವಿಳಿಂಜಂ ಮತ್ತು ತಮಿಳುನಾಡಿನ ಮಂಡಪಂ ಕೇಂದ್ರಗಳು ಹಲವು ಜಾತಿಯ ಕ್ಲೌನ್ ಮೀನುಗಳನ್ನೂ ಡ್ಯಾಮ್ಸೆಲ್ ಮೀನುಗಳನ್ನೂ ತೊಟ್ಟಿಯಲ್ಲೇ ಮರಿಮಾಡುವ ವಿಧಾನವನ್ನು ಬಹಳ ಹಿಂದೆಯೇ ರೂಪಿಸಿವೆ. ಈ ಮೀನುಗಳೆಲ್ಲ ಗಂಡಾಗಿಯೇ ಬೆಳೆದು, ಗುಂಪಿನಲ್ಲಿ ದೊಡ್ಡದಾದದ್ದು ಹೆಣ್ಣಾಗುತ್ತದೆ. ಆದ್ದರಿಂದ ಒಂದು ತುಸು ದೊಡ್ಡದು, ಒಂದು ಚಿಕ್ಕದು ತಂದರೆ ಜೋಡಿ ತಾನಾಗಿಯೇ ಕೂಡುತ್ತದೆ. ಕಡಲಿನಲ್ಲಿ ಕ್ಲೌನ್ ಮೀನು ಆಶ್ರಯ ಪಡೆಯುವ, ಹೂವಿನಂಥ ಪ್ರಾಣಿಯಾದ ಸೀ ಅನಿಮೋನ್ ಬೇಕೇಬೇಕೆಂದು ನಂಬಿಸುವವರ ಮಾತು ಕೇಳಬೇಡಿ, ಹ್ಯಾಚರಿಯ ಮೀನು ಅದನ್ನು ಕಂಡೇ ಇರುವುದಿಲ್ಲ. ಮಕ್ಕಳು ಆಸೆಪಡುವ ನೀಲಿ ಟ್ಯಾಂಗ್ ಮಾತ್ರ ಬೇಡ. ಅದು ಒಂದು ಅಡಿಯಷ್ಟು ಬೆಳೆಯುವ, ದೂರ ದೂರ ಈಜುವ ಮೀನು, 3 ಅಡಿಯ ತೊಟ್ಟಿ ಅದಕ್ಕೆ ಸೆರೆಮನೆ. ಯಾವ ಮೀನನ್ನು ತಂದರೂ ಕೆಲವು ವಾರ ಬೇರೆ ತೊಟ್ಟಿಯಲ್ಲಿ ಇಟ್ಟು ನೋಡಿ. ಬಿಳಿಚುಕ್ಕೆ ರೋಗ ಬಂದರೆ ತಾಮ್ರದ ಔಷಧ ಕೊಡಬೇಕಾಗುತ್ತದೆ, ಅದನ್ನು ಹವಳವಿರುವ ತೊಟ್ಟಿಗೆ ಹಾಕುವಂತಿಲ್ಲ.

ಎರಡು-ಮೂರು ತಿಂಗಳು ಎಲ್ಲ ನೆಟ್ಟಗಿದ್ದರೆ ಮೆತ್ತನೆಯ ಹವಳಗಳಿಗೆ ಕೈಹಾಕಬಹುದು. ಮಶ್ರೂಮ್, ಲೆದರ್, ಹೂ ಅರಳಿಸಿ ಮುಚ್ಚುವಂತೆ ಮಿಡಿಯುವ ಜೀನಿಯಾ (Xenia) ಇವು ಸುಣ್ಣದ ದಿಬ್ಬ ಕಟ್ಟುವವಲ್ಲ, ಮೇಲೆ ಹೇಳಿದ ಮೊದಲ ಅನುಸೂಚಿಯ ಗುಂಪುಗಳಲ್ಲೂ ಇಲ್ಲ. ಕ್ಯಾಲ್ಸಿಯಂ ದಿನನಿತ್ಯ ಹಾಕುವ ಗೋಜಿಲ್ಲ, ನೀರು ಬದಲಿಸುತ್ತಿದ್ದರೆ ಸಾಕು. ಲೆದರ್ ಹವಳ ನೆರೆಹೊರೆಯ ಹವಳಗಳನ್ನು ಕಾಡುವ ರಾಸಾಯನಿಕ ಬಿಡುತ್ತದೆ, ಫಿಲ್ಟರಿನಲ್ಲಿ ಇಡುವ ಸಕ್ರಿಯ ಇದ್ದಿಲು ಅದನ್ನು ಹೀರಿಕೊಳ್ಳುತ್ತದೆ. ಇವೂ ಯಾವುದೋ ಸಂರಕ್ಷಿತ ದ್ವೀಪದಿಂದ ಕಿತ್ತವಾಗಿರಬಾರದು ಎಂಬುದು ಬೇರೆ ಮಾತು. ಬೇರೊಬ್ಬ ಹವ್ಯಾಸಿಯ ತೊಟ್ಟಿಯಲ್ಲಿ ಬೆಳೆದು ಕತ್ತರಿಸಿದ ತುಂಡು ಎಲ್ಲಕ್ಕಿಂತ ಒಳ್ಳೆಯದು. ಝೋವಾಂತಿಡ್‌ಗಳೆಂಬ ಗುಂಡಿಯಂಥ ಬಣ್ಣದ ಜೀವಿಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಅವುಗಳಲ್ಲಿ ಕೆಲವು ಪ್ಯಾಲಿಟಾಕ್ಸಿನ್ ಎಂಬ ಪ್ರಬಲ ವಿಷವನ್ನು ಹೊಂದಿರುತ್ತವೆ. ಕೈಗವಸು, ಕನ್ನಡಕವಿಲ್ಲದೆ ಮುಟ್ಟುವುದು, ಅಡುಗೆಮನೆಯ ಸಿಂಕಿನಲ್ಲಿ ಕಲ್ಲು ತಿಕ್ಕುವುದು, ಅವನ್ನು ಕೊಲ್ಲಲೆಂದು ಕಲ್ಲನ್ನು ಕುದಿಯುವ ನೀರಿಗೆ ಹಾಕುವುದು ಇವುಗಳಿಂದ ವಿದೇಶಗಳಲ್ಲಿ ಇಡೀ ಕುಟುಂಬಗಳು ಆಸ್ಪತ್ರೆ ಸೇರಿದ ಪ್ರಕರಣಗಳಿವೆ. ಈ ಮಾತನ್ನು ನನಗೆ ಯಾವ ಅಂಗಡಿಯಲ್ಲೂ ಯಾರೂ ಹೇಳಲಿಲ್ಲ.

ನನ್ನ ವಾದಕ್ಕೆ ಅನುಭವಿ ಹವ್ಯಾಸಿಗಳ ಆಕ್ಷೇಪವಿದೆ, ಅದರಲ್ಲಿ ಹುರುಳೂ ಇದೆ. ತೊಟ್ಟಿಯಲ್ಲಿ ಹವಳ ಬೆಳೆಸಿ ಕತ್ತರಿಸಿ ಹಂಚಿದರೆ ಸಮುದ್ರದ ಮೇಲಿನ ಹೊರೆ ತಗ್ಗುತ್ತದೆ ಎಂಬುದು ಸುಳ್ಳಲ್ಲ. ಲಂಡನ್ನಿನ ಹಾರ್ನಿಮನ್ ಸಂಗ್ರಹಾಲಯದ ಮತ್ಸ್ಯಾಲಯದವರು ಋತುಮಾನದ ತಾಪವನ್ನೂ ಚಂದ್ರನ ಬೆಳಕನ್ನೂ ಕೃತಕವಾಗಿ ಅನುಕರಿಸಿ, ಮುಚ್ಚಿದ ತೊಟ್ಟಿಗಳಲ್ಲೇ ಗಟ್ಟಿ ಹವಳ ಮೊಟ್ಟೆಯಿಡುವಂತೆ ಮಾಡಿದ್ದು ಹವಳ ಸಂರಕ್ಷಣೆಗೇ ಉಪಕಾರವಾದ ಕೆಲಸ. ಆದರೆ ಅದು ಪರಿಣತರು ಪರವಾನಗಿಯೊಡನೆ ಮಾಡಿದ್ದು. ನಮ್ಮ ಕಾಯ್ದೆಯಲ್ಲಿ ತೊಟ್ಟಿಯಲ್ಲಿ ಬೆಳೆದ ತುಂಡಿಗೂ ಕಡಲಿನಿಂದ ಮುರಿದ ತುಂಡಿಗೂ ಬೇರೆ ಬೇರೆ ಹಾದಿಯಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಅರಣ್ಯಾಧಿಕಾರಿಗಾಗಲಿ ಕೊಳ್ಳುವವನಿಗಾಗಲಿ ಗುರುತು ಹಿಡಿಯುವ ದಾರಿಯೂ ಇಲ್ಲ. ನೋಂದಣಿ ಮತ್ತು ತಪಾಸಣೆಯ ಮೇಲೆ ಸಾಕಿದ ಹವಳಕ್ಕೆ ಒಂದು ಬಾಗಿಲು ತೆರೆಯಬೇಕೆಂದು ಸರ್ಕಾರವನ್ನು ಕೇಳುವುದಾದರೆ ನಾನೂ ಸಹಿ ಹಾಕುತ್ತೇನೆ, ಅದು ತೆರೆಯುವ ತನಕ ಕೊಳ್ಳುವುದಿಲ್ಲ. ಜೀವಂತ ಗಟ್ಟಿ ಹವಳವನ್ನು ಕಣ್ಣಾರೆ ಕಾಣಬೇಕೆನ್ನುವವರಿಗೆ ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಮಳೆಗಾಲ ಮುಗಿದ ಮೇಲೆ ಡೈವಿಂಗ್ ನಡೆಯುತ್ತದೆ. ಅಲ್ಲಿ ಮುಟ್ಟದೆ ನೋಡಿ ಬರಬಹುದು.

ಸರ್ಕಾರದಿಂದ ಆಗಬೇಕಾದದ್ದೂ ಇದೆ. ಅರಣ್ಯ ಮತ್ತು ಮೀನುಗಾರಿಕೆ ಇಲಾಖೆಗಳು ಸೇರಿ, ಮಾರಬಾರದ ಕಡಲಜೀವಿಗಳ ಸಚಿತ್ರ ಪಟ್ಟಿಯೊಂದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಅಕ್ವೇರಿಯಂ ಅಂಗಡಿಯಲ್ಲೂ ಕಾಣುವಂತೆ ತೂಗುಹಾಕಿಸಬೇಕು. ಉಪ್ಪುನೀರಿನ ಜೀವಿ ಮಾರುವವರು ಅದರ ಜಾತಿ, ಬಂದ ಊರು, ಹ್ಯಾಚರಿಯದೋ ಕಡಲಿನದೋ ಎಂಬುದನ್ನು ರಸೀದಿಯಲ್ಲಿ ಬರೆದುಕೊಡುವುದು ಕಡ್ಡಾಯವಾಗಬೇಕು. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಬಣ್ಣದ ಮೀನು ಸಾಕುವ ಹಿತ್ತಲಿನ ಘಟಕಗಳಿಗೆ, ಸಮುದ್ರ ಮೀನಿನವೂ ಸೇರಿ, ಸಹಾಯಧನಕ್ಕೆ ಅವಕಾಶವಿದೆ. 1969ರಿಂದ ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ, ಸಾಗರ ಮೀನುಗಾರಿಕಾ ಸಂಸ್ಥೆಯ ಕೇಂದ್ರಗಳು ಮಂಗಳೂರು, ಕಾರವಾರಗಳಲ್ಲಿವೆ. ಇಷ್ಟಿದ್ದೂ ಕರಾವಳಿಯ ಮೀನುಗಾರ ಮಹಿಳೆಯರ ಸಂಘಗಳು ಕ್ಲೌನ್ ಮೀನಿನ ಮರಿ ಬೆಳೆಸಿ ಬೆಂಗಳೂರಿಗೆ ಕಳಿಸುವ ವ್ಯವಸ್ಥೆ ಬೆಳೆಯದಿರುವುದಕ್ಕೆ ಕಾರಣ ನನಗೆ ಕಾಣುವುದಿಲ್ಲ. ಹೊರರಾಜ್ಯದ ಪ್ಲಾಸ್ಟಿಕ್ ಚೀಲಗಳಲ್ಲಿ ಬರುವ ಮೀನಿಗೆ ಕೊಡುವ ಬೆಲೆಯನ್ನು ನಮ್ಮವರಿಗೆ ಕೊಡಲು ಹವ್ಯಾಸಿಗಳು ಹಿಂಜರಿಯಲಾರರು.

ಇಲಾಖೆಗಳು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ವರ್ಗಾವಣೆಯೋ ಬೇಸರವೋ ಬಂದು ತೊಟ್ಟಿ ಮುಚ್ಚುವವರು ಒಳಗಿನ ಜೀವಿಗಳನ್ನು ಎಲ್ಲಿ ಬಿಡಬೇಕೆಂದು ತಿಳಿಯದೆ ಸಮುದ್ರಕ್ಕೆ ಬಿಟ್ಟುಬಿಡುತ್ತಾರೆ. ಹಿಂದೂ ಮತ್ತು ಪೆಸಿಫಿಕ್ ಸಾಗರಗಳ ಲಯನ್ ಫಿಶ್ ಅಮೆರಿಕದ ಫ್ಲಾರಿಡಾ ತೀರದಲ್ಲಿ 1985ರಲ್ಲಿ ಮೊದಲು ಕಂಡು, ಇಂದು ಕೆರಿಬಿಯನ್ ಪೂರ್ತಿ ಹರಡಿ ಅಲ್ಲಿನ ಮರಿಮೀನುಗಳನ್ನು ತಿಂದು ತೇಗುತ್ತಿರುವುದು ಅಕ್ವೇರಿಯಂಗಳಿಂದ ಹೊರಬಿದ್ದ ಮೀನುಗಳಿಂದಲೇ ಎಂಬುದು ವಿಜ್ಞಾನಿಗಳ ಅಭಿಪ್ರಾಯ. ನಮ್ಮಲ್ಲಿ, ಗಾಜಿನ ಪಾಚಿ ತಿನ್ನಲೆಂದು ಸಿಹಿನೀರಿನ ಅಕ್ವೇರಿಯಂಗಳಲ್ಲಿ ಇಡುವ ಸಕ್ಕರ್ ಮೀನು ದಕ್ಷಿಣ ಭಾರತದ ಕೆರೆ, ನದಿಗಳಿಗೆ ನುಗ್ಗಿದ್ದೂ ಇದೇ ದಾರಿಯಲ್ಲಿ. ಬೇಡವಾದ ಜೀವಿಗಳನ್ನು ಪ್ರಶ್ನೆ ಕೇಳದೆ ತೆಗೆದುಕೊಳ್ಳುವ ಒಂದು ಜಾಗ, ಮೀನುಗಾರಿಕಾ ಕಾಲೇಜಿನಲ್ಲಿಯೋ ಇಲಾಖೆಯ ಮತ್ಸ್ಯಾಲಯಗಳಲ್ಲಿಯೋ, ಇರುವಂತಾಗಲಿ. ಕಾನೂನು ತಿಳಿಯದೆ ಈಗಾಗಲೇ ಗಟ್ಟಿ ಹವಳ ಕೊಂಡು ಮನೆಯಲ್ಲಿಟ್ಟುಕೊಂಡಿರುವವರಿಗೂ, ಅದನ್ನು ರಾತ್ರೋರಾತ್ರಿ ಕಸಕ್ಕೆ ಎಸೆಯುವ ಬದಲು ಹೆದರದೆ ತಂದೊಪ್ಪಿಸಲು ಒಂದು ಗಡುವನ್ನು ಅರಣ್ಯ ಇಲಾಖೆ ಪ್ರಕಟಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ತಮ್ಮ ವಿಶ್ವಾಸಿ,
ಓದುಗ, ಮೈಸೂರು